ಮಂಜವ್ವನ ಕಟ್ಟೆ

ನಮ್ಮ ಅತ್ತೆಗೆ ಸಿಟ್ಟು ಬಂದಿದೆಯೋ ಇಲ್ಲವೋ ತಿಳಿಯಲು ಮುಖ ನೋಡಬೇಕಾಗಿಲ್ಲ, ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು. ಆ ದಿನ ಹಲಗೆಯೇ ಮುರಿದೀತು ಅನಿಸಿತು ನನಗೆ. ನಾನು ಒಲೆಯ ಮುಂದೆ ಕೂತು ಬೇಯಿಸುತ್ತಿದ್ದೆ. ಪುಂಡಿಪಲ್ಯೆ ಆಗಿತ್ತು, ಶೇಂಗಾ ಚಟ್ನಿ ಆಗಿತ್ತು, ಮಜ್ಜಿಗೆ ಕಡೆದಾಗಿತ್ತು. ಉಣ್ಣಬೇಕಾದ ಮಾವನೇ ಇನ್ನೂ ಬಂದಿರಲಿಲ್ಲ.

"ಎಷ್ಟೊತ್ತಾತು ನೋಡು," ಅಂದರು ಅತ್ತೆ. "ಹೊಲದಾಗಿಂದ ಬರಾಕ ಇಷ್ಟೊತ್ತು ಬೇಕೇನು? ಕುಂಟ ಎತ್ತು ಸೈತ ಇಷ್ಟೊತ್ತಿಗೆ ಮನಿ ಮುಟ್ಟಿರ್ತಿತ್ತು."

"ಬರ್ತಾರ ಬಿಡ್ರಿ ಅತ್ತಿ. ದಾರ್ಯಾಗ ಯಾರರ ಮಾತಾಡ್ಸಿರಬೇಕು."

"ಯಾರರ ಅಲ್ಲ. ಯಾರಂತ ನನಗ ಗೊತ್ತೈತಿ."

ನನಗೂ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ರೊಟ್ಟಿ ತಿರುವಿ ಹಾಕಿದೆ. ಪಕ್ಕದ ಮನೆಯ ಜಗದೀಶನಿಗೆ ತನ್ನ ಮನೆಯ ಕೆಲಸ ಬಿಟ್ಟು ಊರ ಕೆಲಸವೆಲ್ಲ ಬೇಕು. ಬೆಳಿಗ್ಗೆ ಹಾಲು ಕೇಳಲು ಬಂದವನು ಹಾಲಿನ ಜೊತೆಗೆ ಸುದ್ದಿಯನ್ನೂ ಅದಲುಬದಲು ಮಾಡಿಕೊಂಡು ಹೋಗಿದ್ದ. "ಕಾಕು, ನಮ್ಮ ಕಾಕಾರು ದಿನಾ ಮಂಜವ್ವನ ಕಟ್ಟಿ ಮ್ಯಾಲ ಕುಂತಿರ್ತಾರಲ್ಲ? ಹೊಲಕ್ಕ ಹೋಗೂವಾಗ ಇಲ್ಲ, ಬರೂವಾಗಷ್ಟ. ಸೋಡಾ ಕುಡೀತಾರ, ಆಕಿ ಜೋಡಿ ಮಾತಾಡ್ತಾರ. ಛೊಲೋ ನಡದೈತಿ ಬಿಡ್ರಿ."

ಹತ್ತಿಮತ್ತೂರಿನಲ್ಲಿ ನಮ್ಮ ಹೊಲ ಇರುವುದು ಹಳ್ಳದ ಆಚೆ, ತಗ್ಗಿನಲ್ಲಿ. ಮನೆಗೆ ಬರಬೇಕೆಂದರೆ ಹಳ್ಳ ದಾಟಿ ಉದ್ದನೆಯ ಏರು ಹತ್ತಬೇಕು. ಏರಿನ ನಟ್ಟನಡುವೆ ಮಂಜವ್ವನ ಗೂಡಂಗಡಿ, ಅದರ ಮುಂದೆ ಒಂದು ಕಲ್ಲಿನ ಕಟ್ಟೆ. ಗಂಡ ಸತ್ತ ಮೇಲೆ ಮಂಜವ್ವ ಗೋಲಿಸೋಡಾ, ಬೀಡಿ, ಬೆಂಕಿಪೊಟ್ಟಣ ಮಾರಿ ಬದುಕುತ್ತಾಳೆ. ಅವರ ಕೇರಿ ಶುರುವಾಗುವುದು ಅಲ್ಲಿಂದಲೇ. ಅಂಗಡಿಯೊಳಗೆ ಅಂಬೇಡ್ಕರರ ಫೋಟೋ ಇದೆ, ದಿನಾ ಹೂ ಏರಿಸುತ್ತಾಳೆ. ನಮ್ಮಂಥ ಲಿಂಗಾಯತರ ಮನೆಯ ಹೆಂಗಸರು ಆ ಕಟ್ಟೆಯ ಮುಂದೆ ಹಾದುಹೋಗುತ್ತಾರೆ, ಕೂರುವುದಿಲ್ಲ. ಕೂರುವುದಿಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ.

ಸೈಕಲ್ಲಿನ ಮೇಲೆ ಮೇವಿನ ಹೊರೆ ಕಟ್ಟಿಕೊಂಡು, ಅದನ್ನು ತಳ್ಳಿಕೊಂಡು ಮಾವ ಬಂದರು. ಚನ್ನವೀರಪ್ಪ ಅಂದರೆ ಊರಲ್ಲಿ ಎತ್ತರದ ಆಳು, ಬಿಳಿ ಧೋತರ, ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಎಮ್ಮೆಗೆ ಮೇವು ಹಾಕಿ, ಕೈಕಾಲು ತೊಳೆಯಲು ನಿಂತರು.

"ಸೋಡಾ ಹೆಂಗಿತ್ರಿ?" ಅಂದರು ಅತ್ತೆ, ರೊಟ್ಟಿಯಿಂದ ಕಣ್ಣೆತ್ತದೆ.

ಮಾವನ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು. "ಸೋಡಾ ಸೋಡಾದಂಗ ಇತ್ತು."

"ಮನ್ಯಾಗ ಮಜ್ಜಿಗಿ ಇಲ್ಲೇನು?"

"ಗ್ಯಾಸ್ ಆಗೈತಿ. ಏರು ಹತ್ತೂದ್ರಾಗ ಎದ್ಯಾಗ ಹಿಡಕೋತೈತಿ. ಸೋಡಾ ಕುಡದ್ರ ಡರ್ ಅಂತ ತೇಗು ಬಂದು ಹಗುರ ಆಕ್ಕೈತಿ."

"ಆ ಗ್ಯಾಸ್ ಮಂಜವ್ವನ ಕಟ್ಟಿ ಮ್ಯಾಲ ಕುಂತ್ರಷ್ಟ ಹೊಕ್ಕೈತೇನು? ನಮ್ಮ ಪಡಸಾಲ್ಯಾಗ ಕುಂತ್ರ ಹೋಗಂಗಿಲ್ಲ?"

"ನಿನ್ನ ಬಾಯಿಗೆ ಬೀಗ ಹಾಕಾಕ ದೇವರಿಗೂ ಆಗಿಲ್ಲ," ಎಂದು ಮಾವ ತಾಟಿನ ಮುಂದೆ ಕೂತರು. ಒಂದು ರೊಟ್ಟಿ ತಿಂದರು, ಇನ್ನೊಂದನ್ನು ಮುರಿದು ಹಾಗೇ ಬಿಟ್ಟರು. ನಾಲ್ಕು ರೊಟ್ಟಿ ತಿಂದು ಮಜ್ಜಿಗೆ ಬಟ್ಟಲನ್ನು ನೆಕ್ಕುವ ಮನುಷ್ಯ. ಅತ್ತೆ ಅದನ್ನು ಸಿಟ್ಟು ಎಂದುಕೊಂಡರು. ಸುಳ್ಳು ಯಾಕೆ ಹೇಳಲಿ, ನಾನೂ ಹಾಗೇ ಎಂದುಕೊಂಡೆ.

ನನ್ನ ಗಂಡ ರುದ್ರೇಶ ಸವಣೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಅಂದು ಸಂಜೆ ಮನೆಗೆ ಬಂದವನಿಗೆ ಚಹಾ ಕೊಡುವ ಮೊದಲೇ ಅತ್ತೆ ದೂರು ಕೊಟ್ಟರು. ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದರೆ ಅವನಿಗೆ ಸಿಟ್ಟು ಬರುತ್ತದೆ, ತಾಯಿಯ ಮಗ.

"ಯಪ್ಪಾ, ನಿನಗ ಏರು ಹತ್ತಾಕ ಆಗಂಗಿಲ್ಲಂದ್ರ ಹೊಲಾ ಲಾವಣಿಗೆ ಕೊಟ್ಟುಬಿಡೋಣ. ಮಾಡೋರು ಭಾಳ ಮಂದಿ ಅದಾರ, ವರ್ಷಕ್ಕ ಇಷ್ಟು ಅಂತ ಕೊಡ್ತಾರ. ಎಮ್ಮಿ ಮಾರಿದ್ರ ಮೇವಿನ ಕೆಲಸಾನೂ ಇಲ್ಲ."

"ಆಗಂಗಿಲ್ಲಂತ ಯಾವಾಂವ ಅಂದಾನ?" ಮಾವ ಎದ್ದು ನಿಂತೇ ಬಿಟ್ಟರು. "ನನ್ನ ರಟ್ಟ್ಯಾಗ ಶಕ್ತಿ ಇರೂತನಾ ನನ್ನ ಹೊಲದಾಗ ಇನ್ನೊಬ್ಬ ಕಾಲಿಡಂಗಿಲ್ಲ. ಎಮ್ಮಿ ಸುದ್ದಿ ಎತ್ತಿದ್ರ ನೋಡು."

"ಹಂಗಾರ ಅಲ್ಲಿ ಕುಂಡ್ರೂದು ಯಾಕ?"

"ಗ್ಯಾಸ್ ಅಂತ ಎಷ್ಟ ಸಲ ಒದರಲಿ?"

ಮಾತು ಅಲ್ಲಿಗೆ ನಿಂತಿತು. ಆದರೆ ಮಾವ ಯಾಕೆ ಬಾಯಿ ಬಿಡುತ್ತಿರಲಿಲ್ಲ ಎಂಬುದು ನನಗೆ ಅಂದೇ ಅರ್ಧ ತಿಳಿಯಿತು. ಒಮ್ಮೆ 'ಆಗುವುದಿಲ್ಲ' ಎಂದರೆ ಹೊಲ ಹೋಗುತ್ತದೆ, ಕೊಟ್ಟಿಗೆ ಖಾಲಿಯಾಗುತ್ತದೆ. ಆ ಮಾತು ಆಡುವುದಕ್ಕಿಂತ ಹೆಂಡತಿಯ ಕೈಯಲ್ಲಿ ಬೈಸಿಕೊಳ್ಳುವುದೇ ಅವರಿಗೆ ಸುಲಭವಾಗಿತ್ತು.

ಮರುವಾರ ಅತ್ತೆ ತಲೆ ಮೇಲೆ ಸೆರಗು ಹೊದ್ದು ನೆಟ್ಟಗೆ ಮಂಜವ್ವನ ಅಂಗಡಿಗೆ ನಡೆದರು. ನಾನು ಹಿಂದೆ ಹಿಂದೆ ಓಡಿದೆ, ಜಗಳ ಬಿಡಿಸಲು ಅಂತ ಹೇಳುತ್ತೇನೆ, ನಿಜಕ್ಕೂ ಏನಾಗುತ್ತದೋ ನೋಡುವ ಹಂಬಲವೂ ಇತ್ತು.

"ಏನ್ ಮಂಜವ್ವ, ನಮ್ಮ ಮನಿಯವರಿಗೆ ಏನ್ ಹಾಕಿ ಕೊಡ್ತಿ ಸೋಡಾದಾಗ? ಮನಿ ದಾರಿ ಮರ್ತುಬಿಡ್ತಾರ?"

ಮಂಜವ್ವ ಬಾಟಲಿ ತೊಳೆಯುವುದನ್ನು ಬಿಟ್ಟು ಎದ್ದಳು. "ಲಿಂಬಿಹಣ್ಣು, ಉಪ್ಪು ಹಾಕ್ತೇನ್ರಿ ಅವ್ವಾರ. ನಿಮಗೂ ಬೇಕಂದ್ರ ಹಾಕಿ ಕೊಡ್ತೇನಿ."

"ನಾಲಿಗಿ ಬಿಗಿ ಹಿಡದು ಮಾತಾಡು."

"ನನ್ನ ನಾಲಿಗಿ ಬಿಗೀನ ಐತ್ರಿ. ಗೌಡ್ರು ಬರ್ತಾರ, ಬೆವತಿರ್ತಾರ, ಎದಿ ತಿಕ್ಕೊಂತಾರ. ಹಿರೇರು ಅಂತ ಕುಂಡ್ರಿ ಅಂತೇನಿ. ಕುಂತು ಸೋಡಾ ಕುಡದು ಹೊಕ್ಕಾರ. ಗಿರಾಕಿ ಬ್ಯಾಡಂತ ಓಡಸಲೇನು? ಬ್ಯಾಡಂದ್ರ ನಿಮ್ಮ ಮನಿಯವರಿಗೆ ನೀವ ಹೇಳ್ರಿ, ನನ್ನ ಅಂಗಡಿ ಮುಂದ ಬಂದು ಒದರಬ್ಯಾಡ್ರಿ."

ಕೇರಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಅತ್ತೆ ಸೆರಗು ಎಳೆದುಕೊಂಡು ಬಂದ ದಾರಿ ಹಿಡಿದರು. ತಿರುಗಿ ಬರುವಾಗ ದಾರಿಯುದ್ದಕ್ಕೂ ಅವರ ಬಾಯಲ್ಲಿ ಒಂದೇ ಮಾತು, "ಆಕಿ ನನಗ ಸೋಡಾ ಕೊಡ್ತಾಳಂತ! ನನಗ!"

ಅಂದು ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅತ್ತೆ ಕಂಬಕ್ಕೆ ಒರಗಿ ಕೂತುಬಿಟ್ಟರು. ಮಾವ ಬಂದರು, ಖಾಲಿ ಒಲೆ ನೋಡಿದರು, ಹೆಂಡತಿಯನ್ನು ನೋಡಿದರು.

"ಊಟ ಇಲ್ಲೇನು?"

"ಅಲ್ಲೇ ಮಾಡ್ರಿ, ಸೋಡಾ ಕುಡಿಯೂ ಮನ್ಯಾಗ. ನಿಮ್ಮ ಹೆಸರಿನಿಂದ ಇವತ್ತ ಆ ಕೇರಿ ಮುಂದ ನನ್ನ ಮಾನ ಹೋತು. ಇಷ್ಟ ವರ್ಷ ಬಾಳೇವು ಮಾಡಿ ಇದನ್ನ ನೋಡಬೇಕಾತು ನಾನು." ಅತ್ತೆ ಅತ್ತರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

"ಏನ್ ಮಾಡಬೇಕು ಅಂತಿ ಈಗ?" ಅಂದರು ಮಾವ, ದಣಿದ ಧ್ವನಿಯಲ್ಲಿ.

"ಲಿಂಗಾ ಮುಟ್ಟಿ ಹೇಳ್ರಿ, ಆ ಕಟ್ಟಿ ಮ್ಯಾಲ ಕುಂಡ್ರಂಗಿಲ್ಲಂತ."

"ಅತ್ತಿ, ಇಷ್ಟಕ್ಕೆಲ್ಲ ಆಣಿ ಯಾಕ್ರಿ," ಅಂದೆ.

"ನೀ ಸುಮ್ಮನಿರು."

ಮಾವ ಎದೆಯ ಮೇಲಿನ ಲಿಂಗವನ್ನು ನೋಡಿಕೊಂಡರು. ಸ್ನಾನ ಮಾಡಿ, ಪೂಜೆ ಮಾಡಿ, ಆಮೇಲೆ ಬಾಯಿಗೆ ನೀರು ಹಾಕುವ ಮನುಷ್ಯ ಅವರು. ಲಿಂಗ ಮುಟ್ಟಿ ಸುಳ್ಳು ಹೇಳಿದ್ದನ್ನು ಊರಲ್ಲಿ ಯಾರೂ ಕೇಳಿಲ್ಲ. ಕರಡಿಗೆಯ ಮೇಲೆ ಬಲಗೈ ಇಟ್ಟರು. "ಇನ್ನ ಆ ಕಟ್ಟಿ ಮ್ಯಾಲ ಕುಂಡ್ರಂಗಿಲ್ಲ. ಆತಿಲ್ಲೋ? ಒಲಿ ಹೊತ್ತಸು."

ಅತ್ತೆ ಕಣ್ಣೊರೆಸಿಕೊಂಡು ಎದ್ದರು. ಆ ರಾತ್ರಿ ಕಡಲೆಹಿಟ್ಟು ಕಲಸಿ ಜುಣಕದ ವಡೆ ಮಾಡಿದರು, ಗಂಡನಿಗೆ ಇಷ್ಟವೆಂದು. ಗೆದ್ದವರ ಕೈ ಧಾರಾಳವಾಗಿತ್ತು, ತುಪ್ಪ ಸುರಿದರು. ಮಾವ ಎರಡು ತುತ್ತು ತಿಂದು ಕೈ ತೊಳೆದರು.

ಮುಂದಿನ ದಿನಗಳಲ್ಲಿ ಮಾವ ಹೊತ್ತಿಗೆ ಸರಿಯಾಗಿ ಮನೆಗೆ ಬರತೊಡಗಿದರು. ಅತ್ತೆಗೆ ಖುಷಿಯೋ ಖುಷಿ. "ನೋಡಿದೇನು, ಹೆಂಗ ಬರ್ತಾರ ಈಗ," ಎಂದು ಸಿಕ್ಕವರಿಗೆಲ್ಲ ಹೇಳಿದರು. ನನಗೆ ಖುಷಿಯಾಗಲಿಲ್ಲ. ಬರುವ ಮನುಷ್ಯನ ಮುಖ ನೋಡಬೇಕಲ್ಲ? ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ಅಂಗಿ ತೊಯ್ದಿರುತ್ತಿತ್ತು. ಸೈಕಲ್ ಗೋಡೆಗೆ ಆನಿಸಿ, ಮೇವು ಇಳಿಸದೆ, ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಣ್ಣ ಬರುತ್ತಿತ್ತು.

ಒಂದು ದಿನ ನೀರು ಕೊಡುತ್ತಾ ಕೇಳಿದೆ. "ಮಾವಾರ, ಖರೇ ಹೇಳ್ರಿ. ಏನ್ ಆಗಾಕತ್ತೈತಿ?"

"ಹಲ್ಲು ನೋಯ್ತೈತಿ," ಎಂದು ಕೆಳದವಡೆ ಹಿಡಿದು ತೋರಿಸಿದರು. ಆಮೇಲೆ ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿದರು. "ಏರು ಹತ್ತೂವಾಗ ಎದಿ ಮ್ಯಾಲ ಯಾರೋ ಕಾಳಿನ ಚೀಲ ಇಟ್ಟಂಗ ಆಕ್ಕೈತಿ. ಅಲ್ಲಿಂದ ಈ ದವಡಿಗೆ ಬರ್ತೈತಿ, ಎಡಗೈ ಜಡ ಆಕ್ಕೈತಿ. ಮೊದಲ ಸೋಡಾಕ್ಕ ಹೋಗತಿತ್ತು. ಈಗ ಸೋಡಾ ಇಲ್ಲಲ್ಲ."

"ಸೋಡಾ ಇಲ್ಲೇನು, ನಾ ತರ್ತೇನಿ," ಎಂದು ಅಂಗಡಿಯಿಂದ ಗ್ಯಾಸಿನ ಪುಡಿಯ ಪಾಕೀಟು ತಂದಿಟ್ಟೆ. ಮರುದಿನ ಅವರು ಮೆಟ್ಟಿಲ ಮೇಲೆ ಕೂತ ಕೂಡಲೇ ನೀರು ತರಲು ಒಳಗೆ ಓಡಿದೆ. ಪುಡಿ ಕಲಸಿ ತರುವಷ್ಟರಲ್ಲಿ ಮಾವ ಎದ್ದು ಎಮ್ಮೆಯ ಹಗ್ಗ ಬಿಚ್ಚುತ್ತಿದ್ದರು. "ಬ್ಯಾಡ ಬಿಡು, ಹೋತು," ಅಂದರು. ಪುಡಿ ಕುಡಿಯದೇ ನೋವು ಹೋಯಿತು ಅಂದರೆ ಅದು ಎಂಥ ಗ್ಯಾಸು?

ಹಿರೇಕೆರೂರಿನ ನನ್ನ ತವರಿನಲ್ಲಿ ಯಾರದೋ ಸೀಮಂತವಿದೆ, ಮಾವನ ಜೊತೆ ಸವಣೂರಿಗೆ ಹೋಗಿ ಸೀರೆ ತರುತ್ತೇನೆ ಎಂದು ಅತ್ತೆಗೂ ಮಾವನಿಗೂ ಹೇಳಿ, ಮಾವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸುಳ್ಳು ಹೇಳಿದೆ, ಹೌದು. ಖರೆ ಹೇಳಿದ್ದರೆ ಮಾವ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಡಾಕ್ಟರು ವಯಸ್ಸಾದವರು. ಎದೆಗೆ ತಂತಿ ಹಚ್ಚಿ ಇಸಿಜಿ ತೆಗೆದರು, ಕಾಗದ ನೋಡಿದರು. "ಇಸಿಜಿ ನಾರ್ಮಲ್ ಐತಿ," ಅಂದರು. ಮಾವ ಅಂಗಿ ತೊಡಲು ಕೈ ಚಾಚಿದರು.

"ತಡೀರಿ ಯಜಮಾನ್ರ, ಮುಗದಿಲ್ಲ. ನೋವು ಯಾವಾಗ ಬರ್ತೈತಿ? ಕುಂತಾಗೋ, ನಡದಾಗೋ?"

"ಏರು ಹತ್ತೂವಾಗ್ರಿ."

"ನಿಂತ್ರ, ಕುಂತ್ರ?"

"ಹೊಕ್ಕೈತ್ರಿ. ಸೋಡಾ ಕುಡದ ಮ್ಯಾಲ."

"ಸೋಡಾ ಕುಡೀದ ಸುಮ್ನ ಕುಂತಾಗ?"

ಮಾವ ಅಂಗಿಯ ಗುಂಡಿ ಹುಡುಕತೊಡಗಿದರು. ನಾನು ಹೇಳಿದೆ, "ಹೊಕ್ಕೈತ್ರಿ. ನಾ ನೋಡೇನಿ."

"ಹಂಗಾರ ನಿಮಗ ಆರಾಮ ಮಾಡಿದ್ದು ಸೋಡಾ ಅಲ್ರಿ," ಅಂದರು ಡಾಕ್ಟರು. "ಕುಂತಿದ್ದಕ್ಕ ಆರಾಮ ಆಗೈತಿ. ಇದು ಗ್ಯಾಸ್ ಅಲ್ಲ, ಅಂಜೈನಾ. ಹೃದಯಕ್ಕ ರಕ್ತ ಒಯ್ಯೂ ನಾಳ ಒಳಗ ಕೊಬ್ಬು ಕಟ್ಟಿ ಸಣ್ಣ ಆಗಿರಬೇಕು. ಕುಂತಾಗ ಬರೂ ರಕ್ತ ಸಾಲ್ತೈತಿ. ಏರು ಹತ್ತೂವಾಗ ಹೃದಯ ಜಾಸ್ತಿ ಕೇಳ್ತೈತಿ, ನಾಳದಾಗ ಬರಂಗಿಲ್ಲ. ಆವಾಗ ನೋವು. ಕುಂತು ತಗದ ಇಸಿಜಿಯೊಳಗ ಇದು ಕಾಣದಿದ್ರೂ ಇರ್ತೈತಿ. ಹುಬ್ಬಳ್ಳಿಗೆ ಹೋಗಿ ಆಂಜಿಯೋಗ್ರಾಮ್ ಮಾಡಸ್ರಿ. ಈ ವಾರದಾಗ."

ದಿನಾ ನುಂಗುವ ಗುಳಿಗೆ ಕೊಟ್ಟರು, ರಕ್ತ ತೆಳ್ಳಗಿಡಲು ಒಂದು, ಕೊಬ್ಬು ಇಳಿಸಲು ಒಂದು. ಬೇರೆ ಸಣ್ಣ ಗುಳಿಗೆಯನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿರಲು ಹೇಳಿದರು. "ನೋವು ಬಂತಂದ್ರ ಮೊದಲ ಕುಂಡ್ರೂದು. ಆಮ್ಯಾಲ ಇದನ್ನ ನಾಲಿಗಿ ಕೆಳಗ ಇಟ್ಕೊಳ್ಳೂದು. ನಿಂತು ಇಟ್ಕೋಬ್ಯಾಡ್ರಿ, ಬಿಪಿ ಇಳದು ಬೀಳ್ತೀರಿ. ಐದು ನಿಮಿಷಕ್ಕ ನೋವು ಹೋಗಲಿಲ್ಲೋ, ಇಲ್ಲಾ ಸುಮ್ಮನ ಕುಂತಾಗ ನೋವು ಬಂತೋ, ಮನ್ಯಾಗ ಕುಂತು ಪಂಚಾಯ್ತಿ ಮಾಡಬ್ಯಾಡ್ರಿ. ಅದು ಹಾರ್ಟ್ ಅಟ್ಯಾಕ್. ಸಿಕ್ಕ ಗಾಡಿ ಹತ್ತಿ ದವಾಖಾನಿಗೆ ಬರ್ರಿ."

ನಾನು ಒಂದೊಂದು ಮಾತನ್ನೂ ಬಾಯಿಪಾಠ ಮಾಡಿಕೊಂಡೆ. ಮಾವ ಒಂದೇ ಮಾತನ್ನು ಮನೆಗೆ ತಂದರು. ಅಂಗಳಕ್ಕೆ ಕಾಲಿಡುತ್ತಲೇ, "ದವಾಖಾನಿಗೆ ಹೋಗಿದ್ವಿ. ಇಸಿಜಿ ನಾರ್ಮಲ್!" ಎಂದು ಕೂಗಿದರು.

ರಾತ್ರಿ ಊಟಕ್ಕೆ ಕೂತಾಗ ಜಗಳವಾಯಿತು. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ರುದ್ರೇಶ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟ.

"ಹಂಗಾರ ನಾಳೆ ಹುಬ್ಬಳ್ಳಿಗೆ ಹೋಗೂಣಪ್ಪಾ."

"ಹತ್ತಿ ಅರಳಿ ನಿಂತೈತಿ, ಬಿಡಸೋರು ಯಾರು? ನಿನ್ನ ಮೋಟರ್ ಬಿಡಸ್ತಾವೇನು? ಹತ್ತಿ ಮುಗೀಲಿ, ಹೋಗೂಣು."

"ಹತ್ತಿ ಮುಗಿಯೂತನಾ ನೀವು ಇರಬೇಕಲ್ರಿ?" ಅಂದುಬಿಟ್ಟೆ. ಸೊಸೆ ಆಡುವ ಮಾತಲ್ಲ. ಆಡಿ ಆಗಿತ್ತು. ಅತ್ತೆಯ ಕಡೆ ತಿರುಗಿದೆ. "ಅತ್ತಿ, ಹುಬ್ಬಳ್ಳಿಗೆ ಹೋಗೂತನಾ ಮಾವಾರು ಏರಿನ್ಯಾಗ ಕುಂಡ್ರಬೇಕು. ಕುಂಡ್ರೂದ ಅವರಿಗೆ ಔಷಧ. ಅಲ್ಲಿ ಕುಂಡ್ರಾಕ ಇರೂದು ಒಂದ ಜಾಗಾ."

ಅತ್ತೆಯ ಮುಖ ಸಣ್ಣದಾಯಿತು. ತಾವು ಮಾಡಿದ್ದು ಏನೆಂದು ಆಗಲೇ ತಿಳಿಯಿತು ಅವರಿಗೆ, ನಾನು ಕಣ್ಣಾರೆ ನೋಡಿದೆ. ಆದರೆ ಮಂಜವ್ವನ ಮುಂದೆ ಸೋತು ಬಂದ ಹಠ ಇನ್ನೂ ಇಳಿದಿರಲಿಲ್ಲ. "ಬ್ಯಾರೆ ಕಡೆ ಕುಂಡ್ರಲಿ," ಅಂದರು ಮೆಲ್ಲಗೆ. "ಭೂಮಿ ಏನ್ ಸಣ್ಣದೈತೇನು?"

ಭೂಮಿ ದೊಡ್ಡದಿದೆ. ಆದರೆ ಆ ಏರಿನಲ್ಲಿ ಒಂದು ಕಡೆ ಗಟಾರ, ಇನ್ನೊಂದು ಕಡೆ ಜಾಲಿಮುಳ್ಳಿನ ಬೇಲಿ. ಮಾವನಂಥವರು ದಾರಿಯ ಧೂಳಿನಲ್ಲಿ ಕೂರುವುದಿಲ್ಲ. ಅವರು ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಲ್ಲತೊಡಗಿದರು, ಉಸಿರು ಸುಧಾರಿಸಿಕೊಂಡು ಮತ್ತೆ ಹತ್ತುವುದು. ಸಣ್ಣ ಗುಳಿಗೆಯನ್ನು ಮನೆಯಲ್ಲಿ ಒಮ್ಮೆ ನಾಲಿಗೆ ಕೆಳಗೆ ಇಟ್ಟುಕೊಂಡು, ತಲೆ ಸಿಡಿಯುತ್ತದೆ ಎಂದು ಉಗುಳಿದರು. ನಾನು ದಿನಾ ಅವರ ಜೇಬು ಮುಟ್ಟಿ ನೋಡಿ ಗುಳಿಗೆ ಇದೆಯೋ ಇಲ್ಲವೋ ಖಾತ್ರಿ ಮಾಡಿಕೊಂಡು ಕಳಿಸುತ್ತಿದ್ದೆ.

ಹತ್ತಿ ಬಿಡಿಸಲು ನಾವು ಮೂವರೂ ಹೋದ ದಿನ. ಬಿಸಿಲು ಏರಿತೆಂದು ಬೇಗ ಮನೆಗೆ ಹೊರಟೆವು. ಮಾವ ಸೈಕಲ್ಲಿಗೆ ಹತ್ತಿಯ ಚೀಲ ಕಟ್ಟಿ ಮುಂದೆ ತಳ್ಳುತ್ತಿದ್ದರು, ನಾನೂ ಅತ್ತೆಯೂ ಬುಟ್ಟಿ ಹೊತ್ತು ಹಿಂದೆ. ಏರಿನ ನಡುವೆ ಸೈಕಲ್ ನಿಂತಿತು. ಆಮೇಲೆ ಬಿತ್ತು.

ನಾನು ಬುಟ್ಟಿ ಎಸೆದು ಓಡಿದೆ. ಮಾವ ಮಂಜವ್ವನ ಅಂಗಡಿಯ ಮೂಲೆಯ ಕಂಬ ಹಿಡಿದು ನಿಂತಿದ್ದರು. ಹಣೆಯಿಂದ ಬೆವರು ನೀರಿನ ಹಾಗೆ ಇಳಿಯುತ್ತಿತ್ತು. ಒಂದು ಕೈ ಎದೆಯ ಮೇಲೆ, ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಮಂಜವ್ವ ಹೊರಗೆ ಬಂದು ನಿಂತಿದ್ದಳು.

"ಗೌಡ್ರು, ಕುಂಡ್ರಿ ಅಂದ್ರ ಕುಂಡ್ರವಲ್ರು ನೋಡವ್ವಾ!" ಅಂದಳು ನನಗೆ, ಅಳುವ ದನಿಯಲ್ಲಿ.

"ಮಾವಾರ, ಕುಂಡ್ರಿ. ಗುಳಿಗಿ ಇಡ್ತೇನಿ."

"ಮನಿ... ಮನಿ ಮುಟ್ತೇನಿ."

"ಮುಟ್ಟಂಗಿಲ್ರಿ ನೀವು! ನಿಂತು ಗುಳಿಗಿ ಇಡಾಕ ಬರಂಗಿಲ್ಲ. ಕುಂಡ್ರಿ!"

"ಆಣಿ ಐತಿ, ಯವ್ವಾ."

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅಷ್ಟರಲ್ಲಿ ಅತ್ತೆ ಏದುಸಿರು ಬಿಡುತ್ತಾ ಬಂದರು. "ಆಣಿ ಹಾಕಿಸಿದಾಕಿ ನಾನು. ನಾನ ಬಿಟ್ಟೇನಿ. ಕುಂಡ್ರಿ ಈಗ."

"ನೀ ಬಿಟ್ರ ಆತೇನು," ಅಂದರು ಮಾವ. ಒಂದೊಂದು ಮಾತಿಗೂ ಉಸಿರು ಸಾಲದೆ ನಿಲ್ಲುತ್ತಿದ್ದರು. "ನಾ ಮುಟ್ಟಿದ್ದು... ನಿನ್ನನ್ನಲ್ಲ."

ಕೇರಿಯ ಮಂದಿ ಕೂಡಿತು. ಅತ್ತೆ ಗಟಾರ ನೋಡಿದರು, ಮುಳ್ಳುಬೇಲಿ ನೋಡಿದರು, ಗಂಡನ ಮುಖ ನೋಡಿದರು. ಆಮೇಲೆ ಸೆರಗು ನಡುವಿಗೆ ಸಿಕ್ಕಿಸಿ, ಕಟ್ಟೆ ಹತ್ತಿ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ತೊಡೆಯ ಮೇಲೆ ಕೈ ಬಡಿದರು.

"ಕಟ್ಟಿ ಮ್ಯಾಲ ಕುಂಡ್ರಬ್ಯಾಡ್ರಿ. ನನ್ನ ತೊಡಿ ಮ್ಯಾಲ ಕುಂಡ್ರಿ. ತೊಡಿ ಮ್ಯಾಲ ಏನ್ ಆಣಿ ಇಲ್ಲ."

"ಮಂದಿ..."

"ಮಂದಿ ಮನಿ ಹಾಳಾಗಲಿ! ಕುಂಡ್ರೋ ಮಾರಾಯಾ, ನಿನ್ನ ಕಾಲಿಗೆ ಬೀಳ್ತೇನಿ!"

ಗಂಡನನ್ನು ಅವರು ಏಕವಚನದಲ್ಲಿ ಕರೆದದ್ದನ್ನು ಯಾರೂ ಕೇಳಿರಲಿಲ್ಲ. ಮಾವನೂ ಕೇಳಿರಲಿಕ್ಕಿಲ್ಲ. ನಾನು ಒಂದು ರಟ್ಟೆ ಹಿಡಿದೆ, ಮಂಜವ್ವ ಇನ್ನೊಂದು ಹಿಡಿದಳು, ಆ ಎತ್ತರದ ಮನುಷ್ಯನನ್ನು ಮೆಲ್ಲಗೆ ಅತ್ತೆಯ ತೊಡೆಯ ಮೇಲೆ ಕೂರಿಸಿದೆವು. ಅತ್ತೆ ಎರಡೂ ಕೈಯಿಂದ ಅವರ ನಡು ಬಳಸಿ ಹಿಡಿದರು. ಗುಳಿಗೆಯನ್ನು ನಾನೇ ನಾಲಿಗೆಯ ಕೆಳಗೆ ಇಟ್ಟೆ. ಯಾರೂ ನಗಲಿಲ್ಲ.

ಕಾದೆವು. ಬೆವರು ನಿಲ್ಲಲಿಲ್ಲ. "ಹೆಂಗೈತ್ರಿ?" ಎಂದರೆ ಮಾವ ತಲೆ ಅಲ್ಲಾಡಿಸುತ್ತಿದ್ದರು. ಮಂಜವ್ವ, "ಸೋಡಾ ಕೊಡಲೇನ್ರಿ?" ಅಂದಳು. "ಬ್ಯಾಡವ್ವಾ, ಗಾಡಿ ಬೇಕು, ಗಾಡಿ," ಅಂದೆ. ಅವಳು ಚಪ್ಪಲಿಯನ್ನೂ ಹಾಕದೆ ಬಿಸಿಲಲ್ಲಿ ಓಡಿ, ಬಸ್ ಸ್ಟ್ಯಾಂಡಿನಲ್ಲಿ ಪ್ಯಾಸೆಂಜರ್ ತುಂಬಿಸುತ್ತಿದ್ದ ಮುಸ್ತಾಕನ ಟಂಟಂ ತಂದಳು. ಮುಸ್ತಾಕ ಹತ್ತಿದವರನ್ನೆಲ್ಲ ಅಲ್ಲೇ ಇಳಿಸಿ ಬಂದಿದ್ದ. "ಕಾಕಾರ್ನ ಮಲಗಸ್ಕೊಳ್ರಿ, ಗುಂಡಿ ತಪ್ಪಿಸಿ ಹೊಡಿತೇನಿ," ಅಂದ. ದಾರಿಯುದ್ದಕ್ಕೂ ಅತ್ತೆ ಶಿವ ಶಿವ ಅನ್ನಲಿಲ್ಲ, "ನನ್ನ ಬಿಟ್ಟು ಹೋಗಬ್ಯಾಡ್ರಿ," ಎಂದಷ್ಟೇ ಅನ್ನುತ್ತಿದ್ದರು.

ಸವಣೂರಿನಲ್ಲಿ ಈ ಸಲ ಇಸಿಜಿ ನಾರ್ಮಲ್ ಬರಲಿಲ್ಲ. ಡಾಕ್ಟರು ಗುಳಿಗೆ ಅಗಿಸಿದರು, ಇಂಜೆಕ್ಷನ್ ಕೊಟ್ಟರು, ಆಂಬ್ಯುಲೆನ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದರು. ರುದ್ರೇಶ ಅಂಗಡಿಯ ಬಾಗಿಲನ್ನೂ ಹಾಕದೆ ಓಡಿಬಂದು ಗಾಡಿ ಹತ್ತಿದ. ಅವನ ಕೈಯೆಲ್ಲ ಮೋಟರಿನ ಎಣ್ಣೆ. ಆ ಕೈಯಲ್ಲೇ ತಂದೆಯ ಪಾದ ಹಿಡಿದುಕೊಂಡು ಕೂತಿದ್ದ.

ಹುಬ್ಬಳ್ಳಿಯಲ್ಲಿ ಮಾವನನ್ನು ಒಳಗೆ ಒಯ್ದರು. ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕೆಂದಳು ನರ್ಸು. ಮಾವ ಕರಡಿಗೆ ಬಿಚ್ಚಿ ಅತ್ತೆಯ ಕೈಗೆ ಕೊಟ್ಟರು. ಮುಂಗೈಯ ರಕ್ತನಾಳದೊಳಗಿಂದ ಸಣ್ಣ ನಳಿಗೆ ಹೋಗಿಸಿ, ಮುಚ್ಚಿಹೋದ ಜಾಗ ತೆರೆದು, ಅಲ್ಲಿ ಸ್ಟೆಂಟ್ ಕೂರಿಸುತ್ತಾರಂತೆ. ನಾವು ಹೊರಗೆ ಕುರ್ಚಿಯ ಮೇಲೆ ಕೂತೆವು. ಅತ್ತೆ ಕರಡಿಗೆಯನ್ನು ಎರಡೂ ಅಂಗೈಯ ನಡುವೆ ಹಿಡಿದು ಕೂತರು. ನನಗೆ ಅವರ ಮೇಲೆ ಸಿಟ್ಟಿತ್ತು. ಅವರನ್ನು ತಬ್ಬಿಕೊಳ್ಳಬೇಕು ಅಂತಲೂ ಇತ್ತು. ಎರಡೂ ಮಾಡಲಿಲ್ಲ.

ಜಗದೀಶನ ಫೋನು ಬಂತು. ಎಮ್ಮೆ ಒದರುತ್ತಿದೆಯಂತೆ, ಹಿಂಡಲು ಹೋದರೆ ಒದೆಯುತ್ತಿದೆಯಂತೆ. ಅತ್ತೆ ನನ್ನ ಕೈಯಿಂದ ಫೋನು ಕಸಿದುಕೊಂಡರು.

"ಮಂಜವ್ವಗ ಹೇಳು, ಆಕಿ ಹಿಂಡ್ತಾಳ. ಬಾಗಲಾ ತಗದು ಒಳಗ ಕರಿ. ಹಾಲು ನಮ್ಮ ಅಡಗಿಮನ್ಯಾಗ ಕಾಸಿ ಇಡಲಿ."

"ಮಂಜವ್ವನ್ನ? ಅಡಗಿಮನ್ಯಾಗ?"

"ಹೌದು, ಅಡಗಿಮನ್ಯಾಗ. ಕಿವಿ ಕೆಪ್ಪ ಆಗ್ಯಾವೇನು ನಿನ್ನವು?"

ಮಾವ ಉಳಿದರು. ಮರುದಿನ ಅವರನ್ನು ನೋಡಲು ನಮ್ಮನ್ನು ಒಳಗೆ ಬಿಟ್ಟರು. ಬಣ್ಣ ಬಂದಿತ್ತು, ಕೈಗೆ ಪಟ್ಟಿ ಸುತ್ತಿದ್ದರು. ಯುವಕ ಡಾಕ್ಟರೊಬ್ಬರು ಕಾಗದ ಸಿಕ್ಕಿಸಿದ ಹಲಗೆ ಹಿಡಿದು ಬಂದರು. ಗುಳಿಗೆಗಳನ್ನು ಒಂದು ದಿನವೂ ಬಿಡಬಾರದು, ಉಪ್ಪು ಕಡಿಮೆ, ಎಣ್ಣೆ ಕಡಿಮೆ, ತಿಂಗಳಾದ ಮೇಲೆ ಮೆಲ್ಲಗೆ ಹೊಲಕ್ಕೂ ಹೋಗಬಹುದು ಅಂದರು. ಮಾವ ಮಗನ ಕಡೆ ನೋಡಿದರು. "ಹೊಲಾ ಎಲ್ಲೂ ಹೋಗಂಗಿಲ್ಲಪ್ಪಾ," ಅಂದ ರುದ್ರೇಶ. "ನಾ ಒಬ್ಬ ಆಳಿನ್ನ ಹಚ್ಚತೇನಿ. ನೀ ಬದುವಿನ ಮ್ಯಾಲ ನಿಂತು ಬೈಯಿ."

ಡಾಕ್ಟರು ನಕ್ಕು, ಪೆನ್ನು ತೆಗೆದರು. "ಸ್ವಲ್ಪ ಹಳೇದು ಬರಕೋಬೇಕು. ಎದೆನೋವು ಎಷ್ಟು ದಿನದಿಂದ ಇತ್ತು?"

"ಬ್ಯಾಸಗಿಯಿಂದ್ರಿ," ಅಂದರು ಮಾವ. "ಮೊದಲ ಅರ್ಧಾ ಏರಿಗೆ ಕುಂಡ್ರತಿದ್ದೆ. ಹೋಗತಿತ್ತು."

"ಅದು ಒಳ್ಳೇದೇ ಮಾಡಿದ್ರಿ. ಆಮೇಲೆ?"

"ಆಮ್ಯಾಲ ಕುಂಡ್ರೂದು ಬಿಟ್ಟೆ."

"ಯಾಕೆ ಬಿಟ್ರಿ?"

ಮಾವ ಗೋಡೆಯ ಕಡೆ ನೋಡಿದರು. ನಾನು ನೆಲ ನೋಡಿದೆ. "ಏನಿಲ್ರಿ," ಅಂದರು ಮಾವ. "ಹೊಲದ ಕೆಲಸದ ಗಡಿಬಿಡಿ."

"ಸುಳ್ಳ ಹೇಳ್ತಾರ್ರಿ." ಅತ್ತೆ ಮಂಚದ ಕಾಲ ಕಡೆಯಿಂದ ಎದ್ದು ಮುಂದೆ ಬಂದರು. "ನಾನ ಕುಂಡ್ರಗೊಡಲಿಲ್ಲ. ಕುಂಡ್ರಂಗಿಲ್ಲಂತ ಲಿಂಗಾ ಮುಟ್ಟಿಸಿ ಆಣಿ ಹಾಕಿಸ್ದೆ. ಬರಕೋರಿ ಅದನ್ನ."

ಡಾಕ್ಟರು ಕಾಗದವನ್ನು ತಿರುಗಿಸಿ ನೋಡಿದರು. "ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲಮ್ಮ," ಅಂದರು.

"ಎಲ್ಲಿ ಬರೀತೀರೋ ಬರೀರಿ. ಹೆಸರು ವೀರವ್ವ ಅಂತ. ಹೇಣ್ತಿ."

ಮಾವ ಪಟ್ಟಿ ಸುತ್ತದ ಕೈಯನ್ನು ಚಾಚಿದರು. ಮಗನ ಎದುರಿಗೇ, ಸೊಸೆಯ ಎದುರಿಗೇ, ಗುರುತಿಲ್ಲದ ಡಾಕ್ಟರ ಎದುರಿಗೇ ಅತ್ತೆಯ ಕೈ ಹಿಡಿದು ತಮ್ಮ ಮಂಚದ ಅಂಚಿಗೆ ಎಳೆದರು.

"ಆತು, ಬರಕೊಂಡ್ರು," ಅಂದರು. "ಈಗರ ಕುಂಡ್ರು."